ಭಾರತುಲಾವಿಚಾರ

ಸಂಸ್ಕೃತದಲ್ಲಿ ತುಲಾ ಎಂಬ ಶಬ್ದಕ್ಕೆ ತಕ್ಕಡಿಯೆಂಬ ಅರ್ಥವು ಸರ್ವವಿದಿತವಾಗಿದೆ. ಅದೇ ಶಬ್ದಕ್ಕೆ ಮನೆಯ ತೊಲೆಯೆಂಬ ಅರ್ಥವೂ ಉಂಟೆಂಬುದನ್ನು ಕಾವ್ಯವ್ಯಾಸಂಗಮಾತ್ರದಲ್ಲಿ ನಿರತರಾದವರು ಅಷ್ಟಾಗಿ ಗಮನಿಸುವುದಿಲ್ಲ. ಕ್ರಿ. ಶ. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ವಾಸ್ತುವಿದ್ಯಾಧ್ಯಾಯದಲ್ಲಿ ಭಾರತುಲಾ, ತುಲಾ, ಉಪತುಲಾ ಎಂದು ಮೂರು ಬಗೆಯ ತೊಲೆಗಳನ್ನು ಹೆಸರಿಸಿದ್ದಾನೆ. ಭಾರತುಲೆಯ ದಪ್ಪವು ಕಂಬದ ದಪ್ಪಕ್ಕೆ ಸಮನಾಗಿರಬೇಕು. ಅದರ ಮೇಲಿನವು ಕ್ರಮವಾಗಿ ಕಾಲುಕಾಲು ಭಾಗ ಕಡಮೆಯಾಗುತ್ತ ಹೋಗಬೇಕು. ಇದು ಅವನ ವಿಧಿ. ಈ ವಿಧಿಗೂ, ಇಂದಿನ ಶಿಲ್ಪಿಗಳು ಭಾರವನ್ನೂ ಬಾಗುಭ್ರಾಮಕವನ್ನೂ ಗಣಿಸುವ ಶಾಸ್ತ್ರಕ್ಕೂ ಸಂಬಂಧವೇನೆಂಬುದು ವಿಚಾರಾರ್ಹವಾಗಿದೆ. ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತೆಂದು ಕೆಲವರೂ, ಏನೂ ತಿಳಿದಿರಲಿಲ್ಲವೆಂದು ಮತ್ತೆ ಕೆಲವರೂ ವಾದಿಸುವುದುಂಟು. ಈ ಉಭಯಪಕ್ಷಗಳೂ ವಸ್ತುಸ್ಥಿತಿಗೆ ದೂರವಾದವು.

ಈ ವಿಚಾರಕ್ಕೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳು ಒಳ್ಳೆಯ ನಿದರ್ಶನಗಳನ್ನು ಒದಗಿಸುತ್ತವೆ. ಇವುಗಳಲ್ಲಿ ಮೊದಲಿನ ಮೂರು ಶಿವಮೊಗ್ಗ ಜಿಲ್ಲೆಗೂ, ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದು, 1997ರಲ್ಲಿ ದಾವಣಗೆರೆ ಜಿಲ್ಲೆಯೊಳಗೆ ಒಂದಾದವು. ಮಲೆನಾಡಿನ ಸೆರಗಿನಲ್ಲಿರುವ ಹೊನ್ನಾಳಿ, ನ್ಯಾಮತಿಗಳ ಕಡೆ ಮಳೆನೀರು ಜಾರಿಹೋಗುವಂತೆ ಇಳಿಜಾರಾದ ಹೆಂಚಿನ ಮಾಡು; ಅಡಕೆಯ ಸೀಮೆಯಾದ ಚನ್ನಗಿರಿಯಲ್ಲಿ ಮಾಡಿಗೆ ಅಡಕೆಯ ದಬ್ಬೆಯ ಉಪಯೋಗ; ಮಳೆ ಕಡಮೆಯಾದ ಜಗಳೂರಿನ ಬಯಲಿನಲ್ಲಿ ತೊಲೆ ಜಂತೆಗಳ ಮೇಲೆ ಮಣ್ಣು ಹಾಸಿದ ಮಾಳಿಗೆ. ಹೆಂಚು ಹಗುರ, ಮಣ್ಣು ಭಾರ. ಆದಕಾರಣ ತೊಲೆಯ ಪರೀಕ್ಷೆ ಪ್ರಬಲವಾಗಿ ನಡೆಯುವುದು ಮಾಳಿಗೆಯ ಮನೆಯಲ್ಲಿಯೇ.

ಪ್ರಾರಂಭಿಕರಿಗೆ ತಿಳಿಯುವಂತೆ ಒಂದು ಗಣಿತವನ್ನು ನೋಡಬಹುದು. ಮಾಳಿಗೆಯ ಮೇಲೆ 15 ಸೆಂಟಿಮೀಟರು ಮಣ್ಣಿದೆಯೆಂದು ಇಟ್ಟುಕೊಳ್ಳತಕ್ಕದ್ದು. ನೆನೆದ ಮಣ್ಣು ಘನಮೀಟರಿಗೆ ಸುಮಾರು 2000 ಕಿಲೋಗ್ರಾಂ ತೂಗುವುದರಿಂದ, ಚದರಮೀಟರಿಗೆ 300 ಕಿಲೋಗ್ರಾಂ ಭಾರ ಬೀಳುತ್ತದೆ. ಅರ್ಧ ಮೀಟರಿಗೊಂದರಂತೆ ತೊಲೆಗಳಿದ್ದರೆ, ಪ್ರತಿಯೊಂದು ತೊಲೆಗೂ ಮೀಟರುದ್ದಕ್ಕೆ 150 ಕಿಲೋಗ್ರಾಂ. ಗೋಡೆಯಿಂದ ಗೋಡೆಗೆ 4 ಮೀಟರು ಅಂತರವಾದರೆ ಒಟ್ಟು ಭಾರ 600. ಎರಡು ಗೋಡೆಗಳೂ ತಲಾ 300ನ್ನು ಹೊರುತ್ತವೆ. ಈಗ ತೊಲೆಯ ನಟ್ಟನಡುವೆ ನಿಂತು ಒಂದು ಪಕ್ಕವನ್ನು ಮಾತ್ರ ನೋಡಬೇಕು. ಗೋಡೆಯು 300ರ ಬಲದಿಂದ 2 ಮೀಟರು ದೂರದಲ್ಲಿ ಮೇಲಕ್ಕೆತ್ತುತ್ತದೆ: 600. ಆ ಅರ್ಧದ ಮೇಲಿನ 300ರ ಭಾರವು ತನ್ನ ಮಧ್ಯದಲ್ಲಿ, ಅಂದರೆ 1 ಮೀಟರು ದೂರದಲ್ಲಿ, ಕೆಳಕ್ಕೆ ಒತ್ತುತ್ತದೆ: 300. ಉಳಿದ 300 ಕಿಲೋಗ್ರಾಂ-ಮೀಟರುಗಳೇ ಬಾಗುಭ್ರಾಮಕ. ಬಲವನ್ನು ದೂರದಿಂದ ಗುಣಿಸುವ ಈ ಕ್ರಮವು ತಕ್ಕಡಿಯ ನ್ಯಾಯವೇ ಹೊರತು ಬೇರೆಯಲ್ಲ. ತುಲಾಶಬ್ದದ ಎರಡು ಅರ್ಥಗಳೂ ಇಲ್ಲಿ ಒಂದಾಗುತ್ತವೆ.

ಇನ್ನು ಅದೇ ಅಂತರದ ನಡುವೆ ಒಂದು ಕಂಬವನ್ನು ನೆಟ್ಟು, 2 ಮೀಟರಿನ ಎರಡು ಬಿಡಿ ತೊಲೆಗಳನ್ನು ಹಾಕಿದರೆ ಒಂದೊಂದರ ಭಾರವು 300 ಆಗುತ್ತದೆ; ಭ್ರಾಮಕವಾದರೋ 75ಕ್ಕೆ ಇಳಿಯುತ್ತದೆ. ಅಂತರವು ಅರ್ಧವಾದರೆ ಭಾರವು ಅರ್ಧ, ಭ್ರಾಮಕವು ಕಾಲು. ನಡುಮನೆಯಲ್ಲಿ ಕಂಬಗಳನ್ನು ಸಾಲಾಗಿ ನಿಲ್ಲಿಸಿದ ಹಿಂದಿನ ಬಡಗಿಯು ಈ ಗಣಿತವನ್ನು ಬರೆದಿಡಲಿಲ್ಲ. ಆದರೆ ಅದರ ಫಲವನ್ನು ಅನುಭವದಿಂದ ಬಲ್ಲವನಾಗಿದ್ದನು.

ಕಲ್ಲಿನ ಕಟ್ಟಡದಲ್ಲಿ ಈ ಸಂಗತಿಯು ಇನ್ನೂ ಸ್ಪಷ್ಟವಾಗುತ್ತದೆ. ತೊಲೆ ಬಾಗಿದಾಗ ಅದರ ಮೇಲ್ಭಾಗವು ಕುಗ್ಗುತ್ತದೆ, ಕೆಳಭಾಗವು ಹಿಗ್ಗುತ್ತದೆ. ಕಲ್ಲು ಒತ್ತಡವನ್ನು ಚೆನ್ನಾಗಿ ತಾಳಬಲ್ಲದು. ಸೆಳೆತವನ್ನು ಬಹು ಸ್ವಲ್ಪವೇ ತಾಳೀತು. ಆದಕಾರಣ ಶಿಲಾತೊಲೆಯು ತಳದಿಂದ ಬಿರಿಯುತ್ತದೆ. ಚನ್ನಗಿರಿ ತಾಲ್ಲೂಕಿನ ಸಂತೆಬೆನ್ನೂರಿನಲ್ಲಿ ಪಾಳೆಯಗಾರರ ಕಾಲದ ಪುಷ್ಕರಣಿಯ ನಡುವೆ ನಿಂತಿರುವ ಮಂಟಪವನ್ನು ನೋಡುವವರು ಅದರ ಅಂದಕ್ಕೆ ಬೆರಗಾಗುತ್ತಾರೆ. ಇಂತಹ ಮಂಟಪಗಳಲ್ಲಿ ಕಂಬಗಳು ಒತ್ತಾಗಿರುವುದು ಅಂದಕ್ಕಾಗಿ ಮಾತ್ರವಲ್ಲ; ಕಲ್ಲಿಗೆ ದೀರ್ಘವಾದ ಅಂತರವು ಸಲ್ಲದೆಂಬುದೂ ಒಂದು ಕಾರಣ. ಕಂಬದ ತಲೆಯ ಮೇಲೆ ಎರಡು ಕಡೆಗೂ ಚಾಚಿದ ಬೋದಿಗೆಯ ಪ್ರಯೋಜನವೂ ಇದೇ. ಎರಡೂವರೆ ಮೀಟರಿನ ಅಂತರದಲ್ಲಿ ಬೋದಿಗೆಗಳು ಎರಡು ಪಕ್ಕದಿಂದ ಕಾಲುಕಾಲು ಮೀಟರು ಮುಂದೆ ಬಂದು ತೊಲೆಯನ್ನು ಹೊತ್ತರೆ, ಅಂತರವು 2 ಮೀಟರಾಗುತ್ತದೆ. ಭ್ರಾಮಕವು ನೂರಕ್ಕೆ 64 ಪಾಲಿಗೆ ಇಳಿಯುತ್ತದೆ. ವಾಸ್ತುಗ್ರಂಥಗಳು ಬೋಧಿಕಾ ಎಂದು ಕರೆದ ಈ ಅಂಗವನ್ನು ಕೇವಲ ಅಲಂಕಾರವೆಂದು ವಿದ್ಯಾರ್ಥಿಗಳಿಗೆ ಹೇಳುವುದು ಸರಿಯಲ್ಲ.

ಪಶ್ಚಿಮದೇಶದಲ್ಲಿಯೂ ಈ ಶಾಸ್ತ್ರವು ಒಂದೇ ದಿನದಲ್ಲಿ ಹುಟ್ಟಲಿಲ್ಲ. ಇಟಲಿಯ ಗೆಲಿಲಿಯೊ 1638ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಗೋಡೆಯಲ್ಲಿ ನೆಟ್ಟು ತುದಿಯಲ್ಲಿ ಭಾರ ತೂಗಿಬಿಟ್ಟ ತೊಲೆಯನ್ನು ವಿಚಾರಿಸಿದನು. ತೊಲೆಯ ಶಕ್ತಿಯು ಅದರ ಎತ್ತರದ ವರ್ಗವನ್ನು ಅನುಸರಿಸುವುದೆಂದು ಅವನು ಕಂಡದ್ದು ಯಥಾರ್ಥ. 10 ಸೆಂಟಿಮೀಟರು ಅಗಲ 20 ಸೆಂಟಿಮೀಟರು ಎತ್ತರವಾಗಿ ನಿಲ್ಲಿಸಿದ ಮರವು, ಮಲಗಿಸಿದ ಅದೇ ಮರದ ಎರಡರಷ್ಟು ಭ್ರಾಮಕವನ್ನು ತಾಳುತ್ತದೆ. ಆದರೆ ತೊಲೆಯ ಮುಖವೆಲ್ಲವೂ ಸಮನಾಗಿ ಸೆಳೆಯಲ್ಪಟ್ಟು ಕೆಳಅಂಚಿನ ಮೇಲೆ ತಿರುಗುವುದೆಂದು ಅವನು ಭಾವಿಸಿದನು. ಮಧ್ಯದಲ್ಲಿ ಕುಗ್ಗದೆಯೂ ಹಿಗ್ಗದೆಯೂ ಇರುವ ಒಂದು ಪದರವುಂಟೆಂಬುದು ಅವನಿಗೆ ತೋರಲಿಲ್ಲ. ಆ ಭಾವನೆಯಂತೆ ಲೆಕ್ಕ ಹಾಕಿದರೆ ತೊಲೆಗೆ ಇರುವುದಕ್ಕಿಂತ ಮೂರು ಪಟ್ಟು ಶಕ್ತಿಯನ್ನು ಆರೋಪಿಸಿದಂತಾಗುತ್ತದೆ. ಫ್ರಾನ್ಸಿನ ಪಾರಾಂ 1713ರಲ್ಲಿಯೂ, ಕೂಲಂ 1773ರಲ್ಲಿಯೂ ಇದನ್ನು ತಿದ್ದಿದರು. 1826ರಲ್ಲಿ ನಾವಿಯೆಯ ಗ್ರಂಥದಿಂದ ಈ ಸಿದ್ಧಾಂತವು ಶಿಲ್ಪಿಗಳ ಕೈಗೆ ನೆಲೆಯಾಗಿ ಬಂದಿತು. ಮಹಾಮತಿಯಾದ ಗೆಲಿಲಿಯೊವಿನ ಎಣಿಕೆ ನೇರ್ಪಡಲು ಸುಮಾರು ಎರಡು ಶತಮಾನಗಳು ಹಿಡಿದವೆಂಬುದು ಗಮನಾರ್ಹ.

ಈಗ ವರಾಹಮಿಹಿರನ ವಿಧಿಗೆ ಮರಳಬಹುದು. ಕೆಳಗಿನ ತೊಲೆಯು ಮೇಲಿನವುಗಳ ಭಾರವನ್ನೂ ಹೊರುವುದರಿಂದ ಅದು ಹೆಚ್ಚು ದಪ್ಪವಾಗಿರಬೇಕೆಂಬ ತತ್ತ್ವವು ಅದರಲ್ಲಿ ಅಡಗಿದೆ. ಭಾರತುಲಾ ಎಂಬ ಹೆಸರೇ ಅದಕ್ಕೆ ಸಾಕ್ಷಿ. ಆದರೆ ಆ ವಿಧಿಯಲ್ಲಿ ಅಂತರದ ಮಾತಿಲ್ಲ, ಮಾಡಿನ ತೂಕದ ಮಾತಿಲ್ಲ. ಅದು ಮಾನಶಾಸ್ತ್ರವೇ ಹೊರತು ಬಲಶಾಸ್ತ್ರವಲ್ಲ. ವಾಡಿಕೆಯ ಅಂತರ, ವಾಡಿಕೆಯ ಮರ, ವಾಡಿಕೆಯ ಮಾಡು ಇರುವಷ್ಟು ಕಾಲ ಅಂತಹ ವಿಧಿಯು ಮನೆಯನ್ನು ಕಾಯುತ್ತದೆ. ಇವುಗಳಲ್ಲಿ ಒಂದು ಬದಲಾದರೂ ಕೈಬಿಡುತ್ತದೆ.

ಈ ಭೇದವು ಪಂಡಿತರ ಚರ್ಚೆಗೆ ಮಾತ್ರ ಸೇರಿದ್ದಲ್ಲ. ಮಾಳಿಗೆ ಸೋರಿದಾಗಲೆಲ್ಲ ಹಳೆಯ ಮಣ್ಣನ್ನು ತೆಗೆಯದೆ ಹೊಸ ಮಣ್ಣನ್ನು ಹೊದಿಸುವ ರೂಢಿಯುಂಟು. 15 ಸೆಂಟಿಮೀಟರು ಕಾಲಾಂತರದಲ್ಲಿ 30 ಆದರೆ, ಮೇಲಿನ ಲೆಕ್ಕದ 300ರ ಭ್ರಾಮಕವು 600 ಆಗುತ್ತದೆ. ತೊಲೆಯು ಅದೇ, ಗೆದ್ದಲು ತಿಂದಿದ್ದರೆ ಅದಕ್ಕಿಂತಲೂ ಬಡವು. ಎಷ್ಟೋ ತಲೆಮಾರು ನಿಂತ ಮನೆಯು ಒಂದು ರಾತ್ರಿಯ ಮಳೆಗೆ ಕುಸಿದಾಗ ಜನರು ಮಳೆಯನ್ನು ದೂರುತ್ತಾರೆ. ಮಳೆಯು ಕೊನೆಯ ನಿಮಿತ್ತ ಮಾತ್ರ. ಹಿರಿಯರು ಹಾಕಿದ ತೊಲೆಗೆ ದೋಷವಿಲ್ಲ. ಆ ತೊಲೆಗೆ ಅವರು ಉದ್ದೇಶಿಸದ ಭಾರವನ್ನು ಕಿರಿಯರು ಹೇರಿದರು. ಶಾಸ್ತ್ರೋಕ್ತವಾದ ಮನೆಯೆಂಬ ನಂಬಿಕೆಯು ಮಣ್ಣಿನ ತೂಕವನ್ನು ಕಡಮೆಮಾಡಲಾರದು.

1951ರಲ್ಲಿ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಕಾಲೇಜು ಸ್ಥಾಪಿತವಾದ ಮೇಲೆ ಈ ವಿದ್ಯೆಯು ನೆರೆಯ ಸೀಮೆಗಳ ಬಾಲಕರಿಗೆ ಸಮೀಪವಾಯಿತು. ಅವರು ಅದನ್ನು ಕಲಿತದ್ದು ಇಂಗ್ಲಿಷಿನಲ್ಲಿ. ತೊಲೆ, ಜಂತೆ, ಬೋದಿಗೆಗಳು ಮನೆಯಲ್ಲಿಯೇ ಉಳಿದವು. ಈ ಶಬ್ದಗಳನ್ನು ನಿಘಂಟಿನ ಅರ್ಥದೊಡನೆ ಬಿಡದೆ, ಅವು ಹೊರುವ ಭಾರದೊಡನೆ ತಿಳಿಸಿಕೊಡುವುದು ಭಾಷೆಯ ಅಧ್ಯಾಪಕರಿಗೂ ಸಲ್ಲುವ ಕಾರ್ಯ. ಹಾಗೆ ಮಾಡಿದಲ್ಲಿ ಪೂರ್ವಿಕರಿಗೆ ಸಲ್ಲತಕ್ಕ ಗೌರವವು ಅಳತೆ ಮೀರದೆ ಸಲ್ಲುತ್ತದೆ. ಅವರು ಕಟ್ಟಿದ ಮನೆಗಳೂ ಮಂಟಪಗಳೂ ಉಳಿಯುವುದಕ್ಕೆ ದಾರಿಯಾಗುತ್ತದೆ.