ಬಫಲೋ ನಗರದ ಷೆರೀಫ್

ಮುಂಬಯಿಯ ನಾಗರಿಕರಿಗೆ ಷೆರೀಫ್ ಎಂಬ ಪದವು ಹೊಸದಲ್ಲ. ನಗರದ ಗಣ್ಯರೊಬ್ಬರಿಗೆ ಒಂದು ವರ್ಷದ ಮಟ್ಟಿಗೆ ದೊರೆಯುತ್ತಿದ್ದ ಗೌರವಸ್ಥಾನವದು. ಅಮೆರಿಕದ ಷೆರೀಫನಾದರೋ ಬೇರೆಯೇ ಬಗೆಯವನು. ನಮ್ಮ ಜಿಲ್ಲೆಯನ್ನು ಹೋಲುವ ಕೌಂಟಿಯ ಮತದಾರರಿಂದ ಚುನಾಯಿತನಾಗಿ, ಅಲ್ಲಿಯ ಸೆರೆಮನೆಯನ್ನು ನೋಡಿಕೊಂಡು, ನ್ಯಾಯಾಲಯದ ಆಜ್ಞೆಗಳನ್ನು ಜಾರಿಗೆ ತರುವವನು ಆತನು. ಹತ್ತೊಂಬತ್ತನೆಯ ಶತಮಾನದ ನ್ಯೂಯಾರ್ಕ್ ರಾಜ್ಯದಲ್ಲಿ ಅಪರಾಧಿಯನ್ನು ಗಲ್ಲಿಗೇರಿಸುವ ಹೊಣೆಯೂ ಆತನದಾಗಿತ್ತು. ಈ ಹುದ್ದೆಯನ್ನು ನಿರ್ವಹಿಸಿ ಮುಂದೆ ರಾಜ್ಯದ ಗವರ್ನರನೂ ಕೊನೆಗೆ ರಾಷ್ಟ್ರಾಧ್ಯಕ್ಷನೂ ಆದವನು ಗ್ರೋವರ್ ಕ್ಲೀವ್‌ಲ್ಯಾಂಡ್.

1837ರಲ್ಲಿ ಬಡ ಪಾದ್ರಿಯೊಬ್ಬನ ಮಗನಾಗಿ ಜನಿಸಿದ ಆತನು ಹದಿನಾರನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡನು. ಬಫಲೋ ನಗರವನ್ನು ಸೇರಿ 1859ರಲ್ಲಿ ವಕೀಲನಾದನು. ಅಂತರ್ಯುದ್ಧದ ಕಾಲದಲ್ಲಿ, 1863ರಲ್ಲಿ, ಸೈನ್ಯಕ್ಕೆ ಕರೆ ಬಂದಾಗ 150 ಡಾಲರು ತೆತ್ತು ತನಗೆ ಬದಲಾಗಿ ಮತ್ತೊಬ್ಬನನ್ನು ಕಳುಹಿಸಿದನು. ಕಾನೂನು ಇದಕ್ಕೆ ಸಮ್ಮತಿಯಿತ್ತಿತ್ತು. ಮನೆಯವರ ಪೋಷಣೆಯ ಭಾರವೂ ಆತನ ಮೇಲಿತ್ತು. ಆದರೂ ಈ ಸಂಗತಿಯನ್ನು ಮರೆತು ಆತನ ಮುಂದಿನ ನಡವಳಿಕೆಯನ್ನು ಅಳೆಯುವುದು ಸರಿಯಲ್ಲ.

1870ರ ಚುನಾವಣೆಯಲ್ಲಿ ಕೇವಲ 303 ಮತಗಳ ಅಂತರದಿಂದ ಗೆದ್ದು ಆತನು ಈರಿ ಕೌಂಟಿಯ ಷೆರೀಫನಾದನು. ಶುಲ್ಕಗಳಿಂದ ಒಳ್ಳೆಯ ವರಮಾನ ಬರುತ್ತಿದ್ದ, ಆದರೆ ಮರ್ಯಾದಸ್ಥ ವಕೀಲರು ಅಷ್ಟಾಗಿ ಬಯಸದ ಹುದ್ದೆಯದು. 1872ರಲ್ಲಿ ತಾಯಿಯನ್ನು ಕೊಂದ ಪ್ಯಾಟ್ರಿಕ್ ಮಾರಿಸ್ಸಿ ಎಂಬವನಿಗೆ ಮರಣದಂಡನೆಯಾಯಿತು. ಅಧೀನ ಅಧಿಕಾರಿಗೆ 10 ಡಾಲರು ಕೊಟ್ಟು ಈ ಕೆಲಸವನ್ನು ಮಾಡಿಸಲು ಅವಕಾಶವಿತ್ತು. ಕ್ಲೀವ್‌ಲ್ಯಾಂಡನು ಒಪ್ಪಲಿಲ್ಲ. ತನಗೆ ಅಸಹ್ಯವಾದುದನ್ನು ಕೈಕೆಳಗಿನವನ ತಲೆಗೆ ಕಟ್ಟುವುದು ಅನ್ಯಾಯವೆಂಬುದೇ ಆತನ ನಿಲುವು. ಸೆಪ್ಟೆಂಬರ್ 6ರಂದು ತಾನೇ ಶಿಕ್ಷೆಯನ್ನು ನೆರವೇರಿಸಿದನು. 1873ರ ಫೆಬ್ರವರಿ 14ರಂದು ಜಾನ್ ಗ್ಯಾಫ್ನಿ ಎಂಬ ಕೊಲೆಗಾರನ ವಿಷಯದಲ್ಲಿಯೂ ಹಾಗೆಯೇ ನಡೆದುಕೊಂಡನು. ಹತ್ತು ವರ್ಷಗಳ ಹಿಂದೆ ಹಣ ಕೊಟ್ಟು ತನ್ನ ಪಾಲಿನ ಕರ್ತವ್ಯವನ್ನು ಪರರಿಗೆ ಒಪ್ಪಿಸಿದವನೇ ಈಗ ಹಾಗೆ ಮಾಡಲೊಲ್ಲದೆ ಹೋದನು. ಹಿಂದಿನ ನೆನಪೇ ಇದಕ್ಕೆ ಕಾರಣವೆಂದು ಸಾಧಿಸಲು ಆಧಾರವಿಲ್ಲ. ಎರಡೂ ಒಬ್ಬನೇ ಮನುಷ್ಯನ ಕೃತ್ಯಗಳೆಂಬುದಂತೂ ನಿಜ.

ಷೆರೀಫನು ಒಡನೆಯೇ ಮತ್ತೆ ಆ ಹುದ್ದೆಗೆ ಬರಲಾಗದೆಂದು ರಾಜ್ಯದ ಸಂವಿಧಾನವು ವಿಧಿಸಿತ್ತು. ಆದುದರಿಂದ ಆತನು ವಕೀಲಿಗೆ ಮರಳಿದನು. 1882ರಲ್ಲಿ ಬಫಲೋವಿನ ಮೇಯರನಾದಾಗ, ನಗರಸಭೆಯು ಬೀದಿ ಗುಡಿಸುವ ಗುತ್ತಿಗೆಯನ್ನು 4,22,000 ಡಾಲರಿಗೆ ಕೊಡಲು ಹೊರಟಿತ್ತು. ಲಕ್ಷ ಡಾಲರಿಗೂ ಮಿಗಿಲಾಗಿ ಕಡಮೆ ಕೇಳಿದವನನ್ನು ಬದಿಗೊತ್ತಿತ್ತು. ಕ್ಲೀವ್‌ಲ್ಯಾಂಡನು ಆ ನಿರ್ಣಯವನ್ನು ತಡೆದನು. ಅದೇ ವರ್ಷದ ಕೊನೆಯಲ್ಲಿ ಜನರು ಆತನನ್ನು ಗವರ್ನರನನ್ನಾಗಿ ಆರಿಸಿದರು. ಗೆಲುವಿನ ಅಂತರ 1,90,000 ಮತಗಳನ್ನು ಮೀರಿತ್ತು.

ಅಧಿಕಾರಕ್ಕೆ ಬಂದ ಕೆಲವೇ ವಾರಗಳಲ್ಲಿ, ನ್ಯೂಯಾರ್ಕ್ ನಗರದ ಮೇಲುಸೇತುವೆ ರೈಲಿನ ದರವನ್ನು ದಿನವಿಡೀ 5 ಸೆಂಟಿಗೆ ಇಳಿಸುವ ಮಸೂದೆ ಆತನ ಮುಂದೆ ಬಂತು. ಜನರೆಲ್ಲ ಅದನ್ನು ಬಯಸಿದ್ದರು. ರೈಲಿನ ಒಡೆಯನಾದ ಜೇ ಗೌಲ್ಡನ ಬಗ್ಗೆ ಯಾರಿಗೂ ಮರುಕವಿರಲಿಲ್ಲ. ಆದರೆ ಸಂಸ್ಥೆಗೆ ರಾಜ್ಯವೇ ಕೊಟ್ಟ ಮಾತನ್ನು ರಾಜ್ಯವೇ ಮುರಿಯುವುದು ಸಲ್ಲದೆಂದು ಗವರ್ನರನು ಅಂಕಿತ ಹಾಕಲಿಲ್ಲ. ಸ್ವಪಕ್ಷದ ಟ್ಯಾಮನಿ ಕೂಟದ ವಿರೋಧವನ್ನೂ ಕಟ್ಟಿಕೊಂಡನು. ನಗರಾಡಳಿತದ ಸುಧಾರಣೆಗೆ ವಿರುದ್ಧ ಪಕ್ಷದ ತರುಣ ಶಾಸಕ ಥಿಯೊಡೋರ್ ರೂಸ್‌ವೆಲ್ಟನೊಡನೆ ಕೈಜೋಡಿಸಿದನು. ದಂಡನೆಯನ್ನು ಮಾರ್ಪಡಿಸುವ, ಕ್ಷಮಿಸುವ ಅಧಿಕಾರವೂ ಈಗ ಆತನದಾಗಿತ್ತು. ಆ ಅಧಿಕಾರವನ್ನು ಹೊತ್ತವರಲ್ಲಿ ಗಲ್ಲುಗಂಬದ ಬಳಿ ಸ್ವತಃ ನಿಂತಿದ್ದವರು ವಿರಳ.

1884ರ ಅಧ್ಯಕ್ಷ ಚುನಾವಣೆಯಲ್ಲಿ ಎದುರಾಳಿಗಳು ಆತನನ್ನು ‘ಬಫಲೋವಿನ ನೇಣುಗಾರ’ ಎಂದು ಹಳಿದರು. ಯುದ್ಧಕ್ಕೆ ಬದಲಿಯನ್ನು ಕಳುಹಿಸಿದ ಕಥೆಯನ್ನೂ ಎತ್ತಿ ಆಡಿದರು. ಆತನ ಗೆಲುವನ್ನು ನಿರ್ಧರಿಸಿದ ನ್ಯೂಯಾರ್ಕ್ ರಾಜ್ಯದಲ್ಲಿ ಒದಗಿದ ಅಂತರವು ಸಾವಿರಕ್ಕೆ ತುಸು ಮೇಲ್ಪಟ್ಟ ಮತಗಳಷ್ಟೇ.

ಆತನ ತರುವಾಯ ಗವರ್ನರನಾದ ಡೇವಿಡ್ ಹಿಲ್ 1888ರಲ್ಲಿ ಅಂಕಿತ ಹಾಕಿದ ಶಾಸನವು ನೇಣಿಗೆ ಬದಲಾಗಿ ವಿದ್ಯುತ್ತನ್ನು ತಂದಿತು. ದಂಡನೆಯ ಸ್ಥಳವನ್ನು ಕೌಂಟಿಗಳಿಂದ ರಾಜ್ಯದ ಸೆರೆಮನೆಗಳಿಗೆ ವರ್ಗಾಯಿಸಿತು. 1890ರಲ್ಲಿ ಅದರಂತೆ ಮೊದಲು ಪ್ರಾಣ ತೆತ್ತ ವಿಲಿಯಂ ಕೆಮ್ಲರ್ ಬಫಲೋ ನಗರದಲ್ಲಿಯೇ ಕೊಲೆ ಮಾಡಿದ್ದವನು. ಈರಿ ಕೌಂಟಿಯ ಷೆರೀಫನಿಗೆ ಆಗ ಆ ಕೆಲಸವಿರಲಿಲ್ಲ.