ಮಚ್ಚೆಯ ಚರಿತ್ರೆ

ಮೈಮೇಲೆ ಒಂದು ಮಚ್ಚೆಯೂ ಇಲ್ಲದ ಮನುಷ್ಯನು ದೊರೆಯುವುದು ದುರ್ಲಭ. ನಮ್ಮ ಹಿರಿಯರು ಅದನ್ನು ಕಡೆಗಣಿಸಿದವರಲ್ಲ. ಸಾಮುದ್ರಿಕ ಶಾಸ್ತ್ರವು ಮಚ್ಚೆಯ ಸ್ಥಾನವನ್ನು ನೋಡಿ ಭಾಗ್ಯವನ್ನು ಹೇಳಿತು. ಶಾಲೆಯ ದಾಖಲೆಯು ಅದನ್ನು ಗುರುತಿನ ಚಿಹ್ನೆಯೆಂದು ಬರೆದುಕೊಂಡಿತು. ಮಚ್ಚೆ ಎಲ್ಲಿದೆಯೆಂಬುದನ್ನು ನಾವು ಚೆನ್ನಾಗಿ ಬಲ್ಲೆವು. ಹೋದ ವರ್ಷ ಹೇಗಿತ್ತು, ಈಗ ಹೇಗಿದೆ ಎಂದು ಮಾತ್ರ ಕೇಳುವುದಿಲ್ಲ. ಈ ಸಣ್ಣ ಪ್ರಶ್ನೆಯ ಬೆಲೆಯನ್ನು ಅರಿಯಲು ವೈದ್ಯರಿಗೂ ಬಹುಕಾಲ ಹಿಡಿಯಿತು.

ಚರ್ಮಕ್ಕೆ ಬಣ್ಣ ಕೊಡುವ ಜೀವಕಣಗಳು ಒಂದೆಡೆ ಗುಂಪುಗೂಡಿದರೆ ಮಚ್ಚೆಯಾಗುತ್ತದೆ. ಬಹುಪಾಲು ಮಚ್ಚೆಗಳು ನಿರಪಾಯವಾದವು. ಅಪೂರ್ವವಾಗಿ ಈ ಜಾತಿಯ ಕಣಗಳೇ ಕಟ್ಟುಮೀರಿ ಬೆಳೆದು ಅರ್ಬುದವಾಗುವುದುಂಟು. ಅದು ಹಳೆಯ ಮಚ್ಚೆಯಲ್ಲಿಯೂ ಹುಟ್ಟಬಹುದು, ಬರಿಯ ಚರ್ಮದಲ್ಲಿಯೂ ಹುಟ್ಟಬಹುದು. ಇದಕ್ಕೆ ಮೆಲನೋಮವೆಂದು ಹೆಸರು.

1787ನೆಯ ಇಸವಿಯಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರನು ಒಬ್ಬ ರೋಗಿಯ ದವಡೆಯ ಬಳಿಯಿಂದ ಇಂಥದೊಂದು ಗಡ್ಡೆಯನ್ನು ಕತ್ತರಿಸಿ ತೆಗೆದು ಸೀಸೆಯಲ್ಲಿ ಕಾದಿಟ್ಟನು. ಅದು ಏನೆಂಬುದು ಅವನಿಗೆ ಸ್ಪಷ್ಟವಾಗಲಿಲ್ಲ. 1968ರಲ್ಲಿ ಅದನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ಮೆಲನೋಮವೆಂದು ನಿಶ್ಚಯವಾಯಿತು. ಇತ್ತ ಪ್ಯಾರಿಸಿನಲ್ಲಿ, ಮುಂದೆ ಸ್ಟೆತಾಸ್ಕೋಪನ್ನು ನಿರ್ಮಿಸಿ ಪ್ರಸಿದ್ಧನಾದ ಲೆನೆಕ್ಕನು, 1804ರಲ್ಲಿ ಈ ರೋಗವನ್ನು ಕುರಿತು ಉಪನ್ಯಾಸ ಮಾಡಿ, ಕಪ್ಪೆಂಬ ಅರ್ಥದ ಗ್ರೀಕ್ ಶಬ್ದದಿಂದ ಅದಕ್ಕೆ ‘ಮೆಲನೋಸ್’ ಎಂದು ಹೆಸರಿಟ್ಟನು.

ಹೆಸರು ಬಂದಿತು, ಆದರೆ ರೋಗ ಮೊಳೆಯುವ ಬಗೆಯನ್ನು ಕಣ್ಣಿಟ್ಟು ನೋಡಿದವನು ಇಂಗ್ಲೆಂಡಿನ ಸ್ಟೌರ್‌ಬ್ರಿಜ್ ಎಂಬ ಊರಿನ ವೈದ್ಯ ವಿಲಿಯಂ ನಾರಿಸ್. ತನ್ನ ರೋಗಿಯೊಬ್ಬನ ಹೊಟ್ಟೆಯ ಮೇಲಿನ ಮಚ್ಚೆಯಿಂದಲೇ ಗಡ್ಡೆ ಬೆಳೆದುದನ್ನೂ, ಅವನ ತಂದೆಯೂ ಇಂಥದೇ ರೋಗದಿಂದ ಮಡಿದಿದ್ದುದನ್ನೂ ಅವನು 1820ರಲ್ಲಿ ಬರೆದು ಪ್ರಕಟಿಸಿದನು. 1857ರಲ್ಲಿ ಎಂಟು ರೋಗಿಗಳ ವೃತ್ತಾಂತವನ್ನು ಕೊಟ್ಟು, ಗಡ್ಡೆಯನ್ನು ಸುತ್ತಲಿನ ಚರ್ಮಸಹಿತವಾಗಿ ತೆಗೆಯಬೇಕೆಂದನು. ಇಷ್ಟರೊಳಗೆ, 1840ರಲ್ಲಿ, ಸ್ಯಾಮ್ಯುಯೆಲ್ ಕೂಪರನು ರೋಗವನ್ನು ಆರಂಭದಲ್ಲಿಯೇ ಕತ್ತರಿಸಿ ತೆಗೆಯುವುದೊಂದೇ ಗತಿಯೆಂದು ಹೇಳಿದ್ದನು.

ಆರಂಭವೆಂದರೆ ಯಾವುದು? ಇದಕ್ಕೆ ಅಳತೆ ದೊರೆತುದು 1970ರಲ್ಲಿ. ಅಮೆರಿಕದ ಬ್ರೆಸ್ಲೋ ಎಂಬ ವೈದ್ಯನು ಗಡ್ಡೆಯು ಎಷ್ಟು ಅಗಲವೆಂಬುದಕ್ಕಿಂತ ಚರ್ಮದೊಳಗೆ ಎಷ್ಟು ದಪ್ಪ ಇಳಿದಿದೆಯೆಂಬುದರ ಮೇಲೆ ರೋಗಿಯ ಗತಿ ನಿಂತಿದೆಯೆಂದು ತೋರಿಸಿದನು. ಒಂದು ಮಿಲಿಮೀಟರಿಗಿಂತ ತೆಳುವಾಗಿರುವಾಗಲೇ ತೆಗೆದರೆ ಬಹುಮಂದಿ ಉಳಿಯುತ್ತಾರೆ. ಆಳಕ್ಕಿಳಿದಂತೆಲ್ಲ ಆಸೆ ಕುಗ್ಗುತ್ತದೆ. ಒಂದು ಮಿಲಿಮೀಟರೆಂದರೆ ರಾಗಿಯ ಕಾಳಿನಷ್ಟೂ ದಪ್ಪವಲ್ಲ.

ಇದನ್ನರಿತು ನ್ಯೂಯಾರ್ಕಿನ ವೈದ್ಯರು 1985ರಲ್ಲಿ ಜನಸಾಮಾನ್ಯರಿಗಾಗಿ ನಾಲ್ಕು ಲಕ್ಷಣಗಳನ್ನು ಹೇಳಿಕೊಟ್ಟರು: ಮಚ್ಚೆಯ ಎರಡು ಅರ್ಧಗಳು ಒಂದಕ್ಕೊಂದು ಹೋಲದಿರುವುದು, ಅಂಚು ಒರಟಾಗಿ ಚದರಿರುವುದು, ಒಂದೇ ಮಚ್ಚೆಯಲ್ಲಿ ಹಲವು ಬಣ್ಣಗಳಿರುವುದು, ಆರು ಮಿಲಿಮೀಟರಿಗಿಂತ ಅಗಲವಾಗಿರುವುದು. 2004ರಲ್ಲಿ ಐದನೆಯದು ಸೇರಿತು: ಬದಲಾಗುತ್ತಿರುವುದು. ನಮ್ಮ ಮಟ್ಟಿಗೆ ಇದೇ ಮುಖ್ಯವೆಂದು ತೋರುತ್ತದೆ. ಬೆಳೆಯುವ, ಬಣ್ಣ ತಿರುಗುವ, ನವೆಯಾಗುವ, ರಕ್ತ ಒಸರುವ ಮಚ್ಚೆಯನ್ನು ವೈದ್ಯರಿಗೆ ತೋರಿಸಬೇಕು.

ಇದು ಬಿಳಿಯರ ರೋಗವಷ್ಟೆ, ನಮಗೇಕೆ ಎಂದು ಕೆಲವರು ಕೇಳಬಹುದು. ಕಪ್ಪು ಮೈಬಣ್ಣದವರಲ್ಲಿ ಇದು ವಿರಳವೆಂಬುದು ನಿಜ. ಆದರೆ ಬಂದಾಗ ಅನೇಕ ವೇಳೆ ಅಂಗಾಲಿನಲ್ಲಿ, ಅಂಗೈಯಲ್ಲಿ, ಉಗುರಿನಡಿಯಲ್ಲಿ ಬರುತ್ತದೆ. ಯಾರೂ ನೋಡದ ಸ್ಥಳವಾದ್ದರಿಂದ ತಡವಾಗಿ ತಿಳಿಯುತ್ತದೆ. ಜಮೈಕದ ಪ್ರಸಿದ್ಧ ಗಾಯಕ ಬಾಬ್ ಮಾರ್ಲೆಯ ಕಾಲ್ಬೆರಳಿನ ಉಗುರಿನಡಿ 1977ರಲ್ಲಿ ಈ ರೋಗ ಕಂಡುಬಂದಿತು. ಅದನ್ನು ಮೊದಲು ಚೆಂಡಾಟದ ಪೆಟ್ಟೆಂದು ಭಾವಿಸಿದ್ದರು. 1981ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ಆತನು ತೀರಿಕೊಂಡನು. ಬರಿಗಾಲಿನಲ್ಲಿ ಗದ್ದೆ ತೋಟಗಳಲ್ಲಿ ದುಡಿಯುವ ನಮ್ಮ ಜನರು ಅಂಗಾಲಿನ ಕಪ್ಪು ಕಲೆಯನ್ನು ಮುಳ್ಳು ಚುಚ್ಚಿದುದೆಂದು ಬಿಟ್ಟುಬಿಡುವುದು ಎಷ್ಟು ಸುಲಭ!

ಇನ್ನೆರಡು ಮಾತು. ಸುಣ್ಣ ಹಚ್ಚಿ ಸುಡುವುದು, ಕೂದಲು ಕಟ್ಟಿ ಉದುರಿಸುವುದು ಸಲ್ಲದು. ಮೇಲಿನ ಗುರುತು ಅಳಿದು ರೋಗ ಒಳಗೇ ಉಳಿಯಬಹುದು. ಮಚ್ಚೆಗೆ ಕತ್ತಿ ತಾಕಿದರೆ ರೋಗ ಹಬ್ಬುವುದೆಂಬ ಭಯವೂ ನಿರಾಧಾರವಾದುದು. ವೈದ್ಯರು ಅದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸತ್ಯಾಂಶ ಹೊರಬೀಳುತ್ತದೆ. ಬಹಳ ಮಟ್ಟಿಗೆ ಅದು ನೆಮ್ಮದಿಯ ಸುದ್ದಿಯೇ ಆಗಿರುತ್ತದೆ.

ತಿಂಗಳಿಗೊಮ್ಮೆ ಅಭ್ಯಂಜನದ ದಿನ ಎಣ್ಣೆ ಹಚ್ಚುವವರು ಬೆನ್ನನ್ನೂ ಅಂಗಾಲನ್ನೂ ಒಂದು ಕ್ಷಣ ದಿಟ್ಟಿಸಿ ನೋಡಲಿ. ನಾರಿಸ್ ವೈದ್ಯನು ಮಾಡಿದುದೂ ಮೊದಲಿಗೆ ಇಷ್ಟನ್ನೇ.