ಟೆಕ್ನಿಕಲ್ ರೈಟಿಂಗ್: ಒಂದು ವಾಕ್ಯ, ಒಂದೇ ಸೂಚನೆ

ಸಿಯಾಟಲ್ ಹತ್ತಿರದ ಎವೆರೆಟ್‌ನಲ್ಲಿ ಬೋಯಿಂಗ್ ವಿಮಾನಗಳು ತಯಾರಾಗುತ್ತವೆ. ಅವುಗಳ ರಿಪೇರಿ ಮ್ಯಾನುಯಲ್ ಓದುವ ಬಹಳ ಮಂದಿಗೆ, ನಮ್ಮ ಹಾಗೆಯೇ, ಇಂಗ್ಲಿಷ್ ಮನೆಮಾತಲ್ಲ. ತಪ್ಪಾಗಿ ಅರ್ಥವಾದರೆ ಜೀವಕ್ಕೇ ಅಪಾಯ. ಅದಕ್ಕೇ ವಿಮಾನ ಉದ್ಯಮ 1986ರಲ್ಲಿ ಸರಳ ಇಂಗ್ಲಿಷ್‌ನ ನಿಯಮಗಳನ್ನು ತಂದಿತು. ಇಂದು ಅದರ ಹೆಸರು ಎಎಸ್‌ಡಿ-ಎಸ್‌ಟಿಇ100.

ಮುಖ್ಯ ನಿಯಮಗಳು:

• ಒಂದು ಪದಕ್ಕೆ ಒಂದೇ ಅರ್ಥ.
• ಒಂದು ವಾಕ್ಯಕ್ಕೆ ಒಂದೇ ಸೂಚನೆ.
• ಸೂಚನೆಯ ವಾಕ್ಯ 20 ಪದ ದಾಟಬಾರದು.
• ಎಚ್ಚರಿಕೆ ಮೊದಲು, ಕೆಲಸ ಆಮೇಲೆ.

ರೆಡ್ಮಂಡ್‌ನ ಮೈಕ್ರೋಸಾಫ್ಟ್ ಕಂಪನಿಯ ಬರವಣಿಗೆ ಕೈಪಿಡಿಯೂ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತದೆ.

ಅಭ್ಯಾಸಕ್ಕೆ ನಿಮ್ಮ ಶಿಫ್ಟ್ ರಿಪೋರ್ಟೇ ಸಾಕು. "ವಾಲ್ವ್ ನೋಡಿಕೊಳ್ಳಿ" ಅಂತ ಬರೆಯಬೇಡಿ. "3ನೇ ವಾಲ್ವ್ ಮುಚ್ಚಿ" ಅಂತ ಬರೆಯಿರಿ. ಬರೆದದ್ದನ್ನು ಹೊಸಬರೊಬ್ಬರಿಂದ ಓದಿಸಿ. ಅವರು ಎಲ್ಲಿ ತಡೆದು ಪ್ರಶ್ನೆ ಕೇಳುತ್ತಾರೋ, ಅಲ್ಲೇ ತಿದ್ದಿ.